86 ಇಂಚಿನ ಎಕ್ಸ್‌ಟ್ರಾ 300 ಮಾಡೆಲ್ ವಿಮಾನ: ತುಮಕೂರಿನ ಗಾಳಿಗೆ 55 ಸಿಸಿ ಪೆಟ್ರೋಲ್ ಸಾಕಾ, 12 ಎಸ್ ಬ್ಯಾಟರಿನಾ?

ಬಾಲ್ಸಾ_ತುಮಕೂರು:
ಎಲ್ಲರಿಗೂ ನಮಸ್ಕಾರ. ಬಾಲ್ಸಾ ಅನ್ನೋ ಹಗುರ ಮರ, ಪ್ಲೈವುಡ್‌ನಲ್ಲಿ ಎಕ್ಸ್‌ಟ್ರಾ 300 ಅನ್ನೋ ಕಸರತ್ತು ವಿಮಾನದ ಮಾಡೆಲ್ ಕಟ್ಟುತ್ತಿದ್ದೇನೆ, ರಿಮೋಟ್‌ನಲ್ಲಿ ಹಾರಿಸೋದು. ರೆಕ್ಕೆ 86 ಇಂಚು, ಎಲ್ಲ ಸೇರಿ 7 ಕಿಲೋ ಆಗಬಹುದು. ಮಂಗಳೂರಿನಲ್ಲಿ ಗೆಳೆಯನ ಹತ್ತಿರ ಇದೇ ಅಳತೆಯದ್ದಿದೆ. 55 ಸಿಸಿ ಪೆಟ್ರೋಲ್ ಎಂಜಿನ್. ನೆಟ್ಟಗೆ ಮೇಲಕ್ಕೆ ಹೋಗುತ್ತೆ, ನೋಡಿದರೆ ಹೊಟ್ಟೆ ಉರಿಯುತ್ತೆ! ನಮ್ಮೂರು ಸಮುದ್ರದಿಂದ 820 ಮೀಟರ್ ಮೇಲಿದೆ. ಇಲ್ಲೂ ಅದೇ ಎಂಜಿನ್ ಹಾಗೇ ಎಳೆಯುತ್ತಾ? ಅಥವಾ ಎಲೆಕ್ಟ್ರಿಕ್ ಮಾಡಲಾ? ಹಾರಿಸೋದು ರಾಗಿ ಕೊಯ್ಲಾದ ಹೊಲದಲ್ಲಿ.

ವೋಲ್ಟೇಜ್_ಹುಡುಗ:
ಕಣ್ಮುಚ್ಚಿ ಎಲೆಕ್ಟ್ರಿಕ್ ಮಾಡಿ ಗುರು. 6 ಎಸ್, ಅಂದರೆ ಆರು ಸೆಲ್ ಒಂದರ ಹಿಂದೊಂದು ಜೋಡಿಸಿದ 5000 ಎಂಎಎಚ್ ಬ್ಯಾಟರಿ ಎರಡನ್ನು ಸೀರೀಸ್‌ನಲ್ಲಿ ಹಾಕಿದರೆ 12 ಎಸ್, ಫುಲ್ ಚಾರ್ಜ್‌ನಲ್ಲಿ 50.4 ವೋಲ್ಟ್. ಎಣ್ಣೆ ಇಲ್ಲ, ಹೊಗೆ ಇಲ್ಲ, ಪಕ್ಕದ ಹೊಲದವರ ಜಗಳ ಇಲ್ಲ. ಆದರೆ ಆಂಟಿ-ಸ್ಪಾರ್ಕ್ ಕನೆಕ್ಟರ್ ಮಾತ್ರ ಮರೀಬೇಡಿ. 50 ವೋಲ್ಟ್ ಸುಮ್ನೆ ಚುಚ್ಚಿದರೆ ಪಟ್ ಅಂತ ಕಿಡಿ ಹಾರುತ್ತೆ, ಪಿನ್ ಕಪ್ಪಾಗುತ್ತೆ.

ಹಳೇ_ಮೆಕ್ಯಾನಿಕ್_ದಾವಣಗೆರೆ:
ತಮ್ಮಾ, ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನೀವು ಕೇಳಿದ್ದು ಗಾಳಿ ಬಗ್ಗೆ ಅಲ್ವಾ?

ಒಂದೇ ಬಿಸಿಲು ಅಂತ ಇಟ್ಟುಕೊಂಡರೆ ಮಂಗಳೂರಿಗಿಂತ ನಿಮ್ಮೂರ ಗಾಳಿ ಸುಮಾರು ಶೇ. 9 ತೆಳು. ಎಂಜಿನ್ ಉಸಿರಾಡೋದು ಅದೇ ಗಾಳಿ, ಹಾಗಾಗಿ ಶಕ್ತಿ ಅಷ್ಟೇ ಇಳಿಯುತ್ತೆ. ಜನ ಎಡವೋದು ಇಲ್ಲೇ. ಸುತ್ತು ಎಣಿಸೋ ಟ್ಯಾಕೋಮೀಟರ್ ಹಿಡಿದು ನೋಡುತ್ತಾರೆ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಹೆಚ್ಚುಕಡಿಮೆ ಮಂಗಳೂರಿನಷ್ಟೇ ಬರುತ್ತೆ. "ಏನೂ ಕಮ್ಮಿ ಆಗಿಲ್ಲ" ಅಂತ ಖುಷಿಪಡುತ್ತಾರೆ. ಗಾಳಿ ತೆಳುವಾದಾಗ ಪ್ರೊಪೆಲ್ಲರ್ ತಿರುಗಿಸೋ ಭಾರವೂ ಅಷ್ಟೇ ಇಳಿದಿರುತ್ತೆ, ಅದಕ್ಕೇ ಆರ್‌ಪಿಎಂ ಬೀಳಲ್ಲ. ನೀರು ಮಜ್ಜಿಗೆ ಕಡೆದ ಹಾಗೆ: ಕಡೆಗೋಲು ಸಲೀಸಾಗಿ ತಿರುಗುತ್ತೆ, ಬೆಣ್ಣೆ ಮಾತ್ರ ಕಮ್ಮಿ. ನಿಜವಾದ ಎಳೆತ ಗೊತ್ತಾಗಬೇಕಾದರೆ ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ, ಮೀನು ತೂಗೋ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯಿರಿ.

ಎಲೆಕ್ಟ್ರಿಕ್ ಮೋಟರ್‌ಗೆ ಉಸಿರಾಡೋ ಕೆಲಸ ಇಲ್ಲ. ತೆಳು ಗಾಳಿಯಲ್ಲಿ ಅದು ಇನ್ನಷ್ಟು ಜೋರಾಗಿ ತಿರುಗುತ್ತೆ, ಆಂಪಿಯರ್ ಕಮ್ಮಿ ಎಳೆಯುತ್ತೆ. ಒಂದಿಂಚು ದೊಡ್ಡ ಪ್ರೊಪೆಲ್ಲರ್ ಹಾಕಿ ಕಳೆದದ್ದನ್ನು ವಾಪಸ್ ಪಡೀಬಹುದು. ಲೆಕ್ಕದಲ್ಲಿ ಹುಡುಗ ಗೆದ್ದ.

ಹೊಲದಲ್ಲಿ ಯಾರು ಗೆಲ್ಲುತ್ತಾರೆ? ಸರಾಸರಿ 40 ಆಂಪಿಯರ್ ಅಂದುಕೊಳ್ಳಿ. ಬ್ಯಾಟರಿಯ ಶೇ. 80 ಮಾತ್ರ ಬಳಸಿದರೆ ಆರು ನಿಮಿಷ. ಆಮೇಲೆ ಚಾರ್ಜ್ ಮಾಡೋಕೆ ಅಲ್ಲಿ ಕರೆಂಟ್ ಎಲ್ಲಿದೆ? ದಿನಕ್ಕೆ ನಾಲ್ಕು ಸಲ ಹಾರಿಸಬೇಕಾದರೆ ನಾಲ್ಕು ಜೊತೆ ಬ್ಯಾಟರಿ ಕೊಳ್ಳಬೇಕು. ಪೆಟ್ರೋಲಾದರೆ ಕ್ಯಾನ್ ಒಂದು ತಗೊಂಡು ಹೋದರೆ ಸಾಕು. 7 ಕಿಲೋ ವಿಮಾನಕ್ಕೆ 55 ಸಿಸಿ, ಶೇ. 9 ಕಳೆದರೂ ನೆಟ್ಟಗೆ ಏರೋಕೆ ಸಾಕು. ಆದರೆ 8 ಕಿಲೋ ಆಗಲು ಬಿಡಬೇಡಿ, ಬಣ್ಣ ಬಳಿಯುವಾಗಲೇ ತೂಕ ಸೇರೋದು.

ಇನ್ನೊಂದು. ತೆಳು ಗಾಳಿಯಲ್ಲಿ ವಿಮಾನ ನೆಲಕ್ಕಿಳಿಸುವಾಗ ವೇಗ ಸುಮಾರು ಶೇ. 5 ಜಾಸ್ತಿ ಬೇಕು. ಮಂಗಳೂರಿನ ಕಣ್ಣಳತೆಯಲ್ಲಿ ನಿಧಾನ ಮಾಡಿದರೆ ರೆಕ್ಕೆ ಒಂದು ಕಡೆ ಬೀಳುತ್ತೆ.

ಬಾಲ್ಸಾ_ತುಮಕೂರು:
ಅಣ್ಣಾ, ಪೆಟ್ರೋಲೇ ಸರಿ ಅನ್ನಿಸುತ್ತಿದೆ. ಆದರೆ ಈಗ ಬಂಕಿನಲ್ಲಿ ಸಿಗೋದು ಎಥನಾಲ್ ಬೆರೆಸಿದ ಇ20. ತೊಂದರೆ ಇಲ್ವಾ? ಅನುಮತಿ ಕಥೆ ಏನು?

ಹಳೇ_ಮೆಕ್ಯಾನಿಕ್_ದಾವಣಗೆರೆ:
ಎಥನಾಲ್‌ನಲ್ಲೇ ಆಮ್ಲಜನಕ ಇದೆ. ಅದಕ್ಕೇ ಕಾರ್ಬ್ಯುರೇಟರ್‌ನ ಇಂಧನ ಸೂಜಿಯನ್ನು (ನೀಡಲ್) ಹಳೇ ಅಳತೆಯಲ್ಲೇ ಬಿಟ್ಟು ಓಡಿಸಿದರೆ ಮಿಶ್ರಣ ತೆಳ್ಳಗಾಗಿ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇಲ್ಲದೆ, ಎಂಜಿನ್ ಬಿಸಿಯಾಗುತ್ತೆ. ಫುಲ್ ಥ್ರಾಟಲ್‌ನಲ್ಲಿ ಇಂಧನ ಎಷ್ಟು ಅಂತ ಹಿಡಿಯೋ ಹೈ ನೀಡಲ್ ಸ್ವಲ್ಪ ಬಿಚ್ಚಿ. ಮೂತಿ ಆಕಾಶಕ್ಕೆ ಎತ್ತಿ ಫುಲ್ ಥ್ರಾಟಲ್ ಕೊಡಿ, ಸದ್ದು ಕುಗ್ಗಬಾರದು. ಸಂಜೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲೋವರೆಗೆ ಓಡಿಸಿ ಕಾರ್ಬ್ಯುರೇಟರ್ ಒಣಗಿಸಿ. ಇಲ್ಲಾಂದ್ರೆ ಒಳಗಿನ ತೆಳು ಪೊರೆ (ಡಯಾಫ್ರಾಮ್) ಬಿರುಸಾಗಿ, ಮುಂದಿನ ಭಾನುವಾರ ಸ್ಟಾರ್ಟೇ ಆಗಲ್ಲ. ಟೂ-ಸ್ಟ್ರೋಕ್ ಆಯಿಲ್ ಎಷ್ಟು ಬೆರೆಸಬೇಕು ಅನ್ನೋದಕ್ಕೆ ಎಂಜಿನ್ ಜೊತೆ ಬಂದ ಕೈಪಿಡಿ ನೋಡಿ, ನನ್ನ ಮಾತಲ್ಲ.

2021ರ ಡ್ರೋನ್ ನಿಯಮದಲ್ಲಿ 25 ಕಿಲೋ ಒಳಗಿನ, ಹವ್ಯಾಸಕ್ಕೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ (ಆ ವಿನ್ಯಾಸಕ್ಕೆ ಕೊಡೋ ಸರ್ಕಾರಿ ಪ್ರಮಾಣಪತ್ರ) ಬೇಡ. ಹಾಗಂತ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಹೊಲ ಮುಂಚೆ ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲಿದೆಯಾ ಅಂತ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ನೋಡಿ, 400 ಅಡಿ ದಾಟಬೇಡಿ. ಉಳಿದ ನಿಯಮಗಳನ್ನೂ ಕೂತು ಓದಿ.

ಆಮೇಲೆ ಎಂಜಿನ್‌ಗೆ ಕಿಡಿ ಕೊಡೋ ಇಗ್ನಿಷನ್‌ಗೆ ಬೇರೆ ಬ್ಯಾಟರಿ, ಅದಕ್ಕೆ ರಿಮೋಟ್‌ನಿಂದಲೇ ಆಫ್ ಆಗುವ ಕಿಲ್ ಸ್ವಿಚ್. ಇದರಲ್ಲಿ ಚೌಕಾಸಿ ಬೇಡ. ಮೊದಲ ಹಾರಾಟಕ್ಕೆ ಮುಂಚೆ ಬಾಲವನ್ನು ಗೂಟಕ್ಕೆ ಕಟ್ಟಿ, ಎಂಜಿನ್ ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಸಿಗ್ನಲ್ ಹೋದ ಕೂಡಲೇ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಅವತ್ತು ಹಾರಿಸಬೇಡಿ.