ದೊಡ್ಡಪ್ಪನಿಗೆ ಎಪ್ಪತ್ತಾಯಿತಾ?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಮದುವೆ ಕರೆಯೋಲೆ, ತಿಥಿಯ ದಿನ, ಬೆಳಗಿನ ಹೂವಿನ ಚಿತ್ರ ಬಿಟ್ಟರೆ ಅಲ್ಲಿ ಅಷ್ಟಾಗಿ ಸದ್ದಿಲ್ಲ. ಕಳೆದ ಭಾನುವಾರ ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಮೊಬೈಲ್ ಹಿಡಿದು ಅಡ್ಡಾಗಿರುವ ಹೊತ್ತಿಗೆ, ಮಾವ ಒಂದು ಫಾರ್ವರ್ಡ್ ಹಾಕಿದರು.

"70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷ!! ಹೊಸ ಔಷಧಿ, ಎಲ್ಲಾ ಟೆಸ್ಟ್ ಸೇರಿಸಿದ್ದಾರೆ. ಬಿಪಿ, ಶುಗರ್ ಮಾತ್ರೆ ಪೂರ್ತಿ ಫ್ರೀ. 10 ಜನಕ್ಕೆ ಕಳಿಸಿ."

ಕೆಳಗೆ ಕೇಂದ್ರ ಸರ್ಕಾರದ ಆರೋಗ್ಯ ವಿಮೆ ಆಯುಷ್ಮಾನ್ ಭಾರತ್‌ನ ಪೋಸ್ಟರ್. ಮಾವನ ಮನೆಯಲ್ಲಿ ದಿನಸಿಗಿಂತ ಮಾತ್ರೆ ಬಿಲ್ಲೇ ಜಾಸ್ತಿ. ಅವರಿಗೆ ಇದನ್ನು ನಂಬುವ ಆಸೆ ಇತ್ತು, ಅಷ್ಟೇ.

"ಇದರ ಸೋರ್ಸ್ ಏನು ಮಾವ?" ಅಂತ ರಘು ಕೇಳಿದ. ಮದುವೆ ಮುಹೂರ್ತಕ್ಕೂ ಪುರಾವೆ ಕೇಳುವವನು ಅವನು.

"ನಮ್ಮ ವಾಕಿಂಗ್ ಗೆಳೆಯರು ಕಳಿಸಿದ್ದು. ಅವರಿಗೆ ಸುಳ್ಳು ಹೇಳಿ ಏನಾಗಬೇಕು?"

"ಬಾಳೆದಿಂಡಿನ ರಸ ಕುಡಿದರೆ ಮೂರು ದಿನಕ್ಕೆ ಕಿಡ್ನಿ ಕಲ್ಲು ಹೋಗುತ್ತೆ ಅಂತ ಕಳಿಸಿದ್ದೂ ಅವರೇ ಅಲ್ವಾ?"

ಏಳೆಂಟು ನಗುವ ಮುಖಗಳು ಬಿದ್ದವು. ಮಾವ ಸುಮ್ಮನಾದರು. ಆಗ ದೊಡ್ಡಪ್ಪ ಬಂದರು. ಅವರು ಟೈಪ್ ಮಾಡುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಎರಡು ನಿಮಿಷ ಹದಿನಾಲ್ಕು ಸೆಕೆಂಡು. ನಾವು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆವು, ಎರಡು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆವು, ಇನ್ಶೂರೆನ್ಸ್ ಅನ್ನುವ ಪದವೇ ಗೊತ್ತಿರಲಿಲ್ಲ, ಬಿಟ್ಟಿ ಅಂದರೆ ಕೈ ಚಾಚುವುದು ನಮ್ಮ ಮನೆತನದಲ್ಲಿ ಇಲ್ಲ.

ಇದಕ್ಕೆ ಸವಿತಕ್ಕನ ಉತ್ತರ: "ದೊಡ್ಡಪ್ಪ, ಆ ಕಾಂಪೌಂಡರ್ ನೆನಪಿದ್ದಾರಾ? ಕೆಂಪು ಔಷಧಿ ಕೊಡ್ತಿದ್ರಲ್ಲ!"

ಇನ್ಶೂರೆನ್ಸ್ ಅಲ್ಲಿಗೆ ಮುಗಿಯಿತು. ಮುಂದಿನ ಮುಕ್ಕಾಲು ಗಂಟೆ ಆ ಔಷಧಿ ಕೆಂಪೋ ಗುಲಾಬಿಯೋ ಅಂತ ಚರ್ಚೆ. ಬಾಟಲಿ ಮನೆಯಿಂದ ಒಯ್ಯಬೇಕಿತ್ತು ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಬಾಟಲಿಯ ಬದಿಗೆ ಒಂದು ಕಾಗದದ ಪಟ್ಟಿ ಅಂಟಿಸಿರುತ್ತಿತ್ತು. ಅದರ ಅಂಚನ್ನು ಕತ್ತರಿಯಲ್ಲಿ ಮೆಟ್ಟಿಲಿನ ಹಾಗೆ ಕತ್ತರಿಸಿರುತ್ತಿದ್ದರು, ಒಂದು ಮೆಟ್ಟಿಲು ಅಂದರೆ ಒಂದು ಹೊತ್ತಿನ ಔಷಧಿ. ನಾನೂ ಎರಡು ಮೆಸೇಜ್ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಪೋಸ್ಟರನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿದೆ. ಐದನೇ ಸಾಲಿನಲ್ಲಿ ಸಣ್ಣ ಅಕ್ಷರ: "ಆಸ್ಪತ್ರೆಗೆ ದಾಖಲಾದವರಿಗೆ". ಅಂದರೆ ಪೋಸ್ಟರ್ ಸರಿಯಾಗೇ ಇತ್ತು. ತಪ್ಪಿದ್ದದ್ದು ಅದರ ಮೇಲೆ ಯಾರೋ ಟೈಪ್ ಮಾಡಿದ ಮಾತು.

ಕೂತು ಉದ್ದಕ್ಕೆ ಬರೆದೆ. ಯೋಜನೆ ಶುರುವಾಗಿದ್ದು 2018ರ ಸೆಪ್ಟೆಂಬರಿನಲ್ಲಿ. 70 ದಾಟಿದವರಿಗೆ ಆದಾಯ ನೋಡದೆ ಕೊಡುವ ವಯ ವಂದನಾ ಕಾರ್ಡ್ ಬಂದಿದ್ದು 2024ರ ಅಕ್ಟೋಬರ್ 29ಕ್ಕೆ. 5 ಲಕ್ಷ ತಲೆಗೊಂದಲ್ಲ, ಗಂಡ ಹೆಂಡತಿ ಇಬ್ಬರಿಗೂ 70 ಆಗಿದ್ದರೆ ಇಬ್ಬರಿಗೂ ಸೇರಿ. ಅಡ್ಮಿಟ್ ಆದರೆ ಅದಕ್ಕೆ ಮುಂಚಿನ 3 ದಿನದ, ಡಿಸ್ಚಾರ್ಜ್ ಆದಮೇಲಿನ 15 ದಿನದ ಟೆಸ್ಟು, ಔಷಧಿಯೂ ಸೇರುತ್ತೆ. ದಿನಾ ನುಂಗುವ ಬಿಪಿ ಮಾತ್ರೆ ಸೇರಲ್ಲ. ಅಡ್ಮಿಟ್ ಆಗದೆ ಮಾತ್ರೆ ಸಿಗುವುದು ಇಎಸ್‌ಐನಲ್ಲಿ, ಅದು 21,000 ರೂಪಾಯಿ ಒಳಗಿನ ಸಂಬಳಕ್ಕೆ ಕಡ್ಡಾಯವಾದ ವಿಮೆ. ಯಾರೋ ಎರಡನ್ನೂ ಕಲಸಿದ್ದಾರೆ ಅನ್ನಿಸುತ್ತೆ.

ಇಷ್ಟುದ್ದದ ಮೆಸೇಜನ್ನು ವಾಟ್ಸಾಪ್ ಅರ್ಧಕ್ಕೇ ಮಡಚಿತು. ಚಿಕ್ಕಮ್ಮ ಕೆಳಗೆ "ಶುಭ ಸಂಜೆ" ಎಂದು ಕಾಫಿ ಲೋಟದ ಚಿತ್ರ ಹಾಕಿದರು.

ರಘು ಮಾತ್ರ "ನಮ್ಮೂರಲ್ಲಿ ಯಾವ ಆಸ್ಪತ್ರೆಯವರು ಈ ಕಾರ್ಡ್ ತಗೋತಾರೆ?" ಎಂದು ಕೇಳಿದ. ಇಡೀ ದಿನದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಆನ್‌ಲೈನ್ ಬಂದರು.

"ಬಿಟ್ಟಿ ಬೇಡ ಅನ್ನೋರು, 2016ರಲ್ಲಿ ಅಪ್ಪನ ಬೈಪಾಸಿಗೆ ಎಷ್ಟು ಕೊಟ್ರು ಅಂತ ಹೇಳಲಿ."

ಗುಂಪು ತಣ್ಣಗಾಯಿತು. ದೊಡ್ಡಪ್ಪನ ಹೆಸರಿನ ಪಕ್ಕ "ಟೈಪಿಂಗ್" ಅಂತ ಬಂತು, ಹೋಯಿತು, ಮತ್ತೆ ಬಂತು. ಟೈಪ್ ಮಾಡದ ದೊಡ್ಡಪ್ಪ ಅವತ್ತು ಟೈಪ್ ಮಾಡಿದರು: "ಲೆಕ್ಕ ಡೈರಿಲಿ ಇದೆ."

"ಫೋಟೋ ಹಾಕು."

"ನಿನಗೆ ಲೆಕ್ಕ ಒಪ್ಪಿಸೋ ಗತಿ ಬಂದಿಲ್ಲ."

ಅಷ್ಟರಲ್ಲಿ ಮಾವ ಗುಂಪು ಬಿಟ್ಟರು. ಬಾಳೆದಿಂಡಿನ ಮಾತು ಅವರಿಗೆ ನಾಟಿತ್ತು. ರಘು ವಾಪಸ್ ಸೇರಿಸಿದ, ಅವರು ಮತ್ತೆ ಬಿಟ್ಟರು. ಎರಡನೇ ಸಲ ಸೇರಿಸಿದ್ದು ಸವಿತಕ್ಕ. ಆಗ ಉಳಿದುಕೊಂಡರು.

ರಾತ್ರಿ ಹತ್ತೂವರೆಗೆ ನನ್ನ ನಂಬರಿಗೆ ದೊಡ್ಡಪ್ಪನ ಧ್ವನಿ ಬಂತು. ತುಂಬಾ ಮೆಲ್ಲಗೆ. "ಪುಟ್ಟೀ, ಆ ಕಾರ್ಡಿಗೆ ವಯಸ್ಸು ನೋಡೋದು ಆಧಾರಲ್ಲಾ, ಇಲ್ಲಾ ನಿಜವಾದ್ದಾ?"

"ಆಧಾರಲ್ಲಿ ಇರೋದೇ ದೊಡ್ಡಪ್ಪ."

ದೊಡ್ಡಪ್ಪನಿಗೆ ಈಗ 71. ದನ ಕಾಯುತ್ತಾ ತಡವಾಗಿ ಶಾಲೆ ಸೇರಿದ್ದರಿಂದ ಮೇಷ್ಟ್ರು ಮೂರು ವರ್ಷ ಕಡಿಮೆ ಮಾಡಿ ಜೂನ್ 1 ಅಂತ ಬರೆದುಕೊಂಡರಂತೆ. ಹಾಗಾಗಿ ಆಧಾರಿನಲ್ಲಿ 68. ಆ ಮೂರು ವರ್ಷ ಅವರು ಜಾಸ್ತಿ ಸರ್ಕಾರಿ ಸಂಬಳ ತಗೊಂಡರು ಅಂತ ಅತ್ತೆ ಪ್ರತಿ ಮದುವೆಯಲ್ಲೂ ಎತ್ತಿ ಆಡುತ್ತಾರೆ.

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಇನ್ನೊಂದು ಧ್ವನಿ, ಒಂಬತ್ತು ಸೆಕೆಂಡಿನದು.

"ಆಧಾರಲ್ಲಿ ತಿದ್ದಿಸಿದ್ರೆ ಪೆನ್ಷನ್ನಿಗೆ ಏನಾದ್ರೂ ಆಗುತ್ತಾ? ನಿಮ್ಮತ್ತೆಗೆ ಹೇಳಬೇಡ."