ಮಳೆಗಾಲದಲ್ಲಿ ಉಳಿ, ಗರಗಸಗಳನ್ನು ಹೇಗೆ ಇಡುತ್ತೀರಿ?

ಸುರತ್ಕಲ್‌ನಿಂದ: ಮನೆ ಹಿಂದೆ ಶೀಟಿನ ಮಾಡಿನಡಿ ಮರಗೆಲಸಕ್ಕೆ ಸಣ್ಣ ಜಾಗ ಮಾಡಿಕೊಂಡಿದ್ದೇನೆ. ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಮೇ ತಿಂಗಳಲ್ಲಿ ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿಟ್ಟ ಉಳಿಗಳೆಲ್ಲ ಜುಲೈ-ಆಗಸ್ಟ್‌ನ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿವೆ. ನೀವೆಲ್ಲ ಏನು ಮಾಡುತ್ತೀರಿ?

ಮಲ್ಪೆಯಿಂದ: ಗೋಣಿಯೇ ಕೆಲಸ ಕೆಡಿಸಿದ್ದು. ಅದು ಎಣ್ಣೆಯನ್ನು ಕುಡಿಯುತ್ತದೆ, ಗಾಳಿಯ ಪಸೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಚರ್ಮದ ಚೀಲವೂ ಅಷ್ಟೇ. ಇನ್ನೊಂದು, ನಮ್ಮ ಗಾಳಿಯಲ್ಲಿ ಉಪ್ಪಿದೆ, ಕೈಬೆವರಿನಲ್ಲೂ ಇದೆ. ಉಪ್ಪಿನ ಮೇಲೆ ಎಣ್ಣೆ ಹಚ್ಚಿದರೆ ಅಡಿಯಲ್ಲೇ ತುಕ್ಕು ಶುರು. ಹೋದ ವರ್ಷ ನನ್ನ ಒಂದಿಂಚಿನ ಉಳಿಯ ಮೇಲೆ ಹೆಬ್ಬೆರಳಿನ ಗುರುತು ತುಕ್ಕಾಗಿ ಮೂಡಿತ್ತು. ಗೆರೆ ಎಣಿಸಬಹುದಿತ್ತು! ಈಗ ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಒಲೆ ಹತ್ತಿರ ಚೂರು ಬೆಚ್ಚಗೆ ಮಾಡಿ ಕೊನೆಗೆ ಎಣ್ಣೆ. ಹಚ್ಚಿದ ಮೇಲೆ ಬರಿಗೈಯಲ್ಲಿ ಮುಟ್ಟುವುದಿಲ್ಲ.

ಬೋಳಾರದಿಂದ: ಯಾವ ಎಣ್ಣೆ ಅಂತ ಹೇಳಲೇ ಇಲ್ಲ ಅಲ್ವಾ? ಸೂರ್ಯಕಾಂತಿ ಎಣ್ಣೆ ಬೇಡ, ಅಂಟಂಟಾಗುತ್ತದೆ. ತೆಂಗಿನೆಣ್ಣೆ ಅಷ್ಟು ಅಂಟಾಗದಿದ್ದರೂ ಕಮಟು ವಾಸನೆ ಬರುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಸಾಕು. ಡಬ್ಲ್ಯೂಡಿ-40 ಸ್ಪ್ರೇ ನೀರು ಓಡಿಸುವುದಕ್ಕೆ ಒಳ್ಳೆಯದು, ಆದರೆ ನಾಲ್ಕು ತಿಂಗಳ ಮಳೆಗೆ ಅದರ ಪದರ ತೀರಾ ತೆಳು. ಮರ ಹೆರೆದು ನಯ ಮಾಡುವ ಕೀಸುಳಿಯ ತಳಕ್ಕೆ ಮಾತ್ರ ಎಣ್ಣೆ ಹಚ್ಚಬೇಡಿ, ಮರಕ್ಕೆ ಕಲೆಯಾಗುತ್ತದೆ. ಮೇಣದಬತ್ತಿ ಉಜ್ಜಿ. ಜಾರಿಕೊಂಡೂ ಹೋಗುತ್ತದೆ.

ಮಣಿಪಾಲದಿಂದ: ಕಪಾಟನ್ನು ಕೆಂಪುಕಲ್ಲಿನ ಗೋಡೆಗೆ ತಾಗಿಸಬೇಡಿ, ಎರಡಿಂಚು ಬಿಡಿ. ಜೂನ್‌ನಿಂದ ಆ ಗೋಡೆ ನೀರು ಕುಡಿದೇ ಇರುತ್ತದೆ. ನಾನು ಕಪಾಟಿನ ಕೆಳಗಡೆ ಹಳೆ ಕಾಲದ 15 ವಾಟ್ ಬಲ್ಬ್ ಉರಿಸುತ್ತೇನೆ, ಬಟ್ಟೆ, ಮರ ತಾಗದ ಹಾಗೆ. ಎಲ್‌ಇಡಿ ಆಗುವುದಿಲ್ಲ, ನಮಗೆ ಬೇಕಾದ್ದು ಬಿಸಿ. ಗರಗಸದ ಹಲ್ಲಿಗೆ ಸೀಳಿದ ಪಿವಿಸಿ ಪೈಪ್ ಸಿಕ್ಕಿಸಿ ನೇತು ಹಾಕಿದ್ದೇನೆ.

ಸುರತ್ಕಲ್‌ನಿಂದ: ಇಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುತ್ತದೆ. ಪಸೆ ಹೀರುವ ಸಿಲಿಕಾ ಜೆಲ್ ಹರಳು ಸಾಕಾ?

ಮಣಿಪಾಲದಿಂದ: ಬಿಗಿ ಮುಚ್ಚಳದ ಡಬ್ಬಿಯಾದರೆ ಸಾಕು. ಸಂದು ಇರುವ ಕಪಾಟಿನಲ್ಲಿಟ್ಟರೆ ಸುಮ್ನೆ ದುಡ್ಡು ದಂಡ. ನೀಲಿ ಹರಳು ಗುಲಾಬಿ ಆದ ಕೂಡಲೇ ಬಿಸಿ ಮಾಡಿ ಒಣಗಿಸಿ. ಅಡುಗೆ ಪಾತ್ರೆಯಲ್ಲಿ ಬೇಡ, ಆ ಬಣ್ಣ ವಿಷ.

ಸುರತ್ಕಲ್‌ನಿಂದ: ಸರಿ, ಈಗಾಗಲೇ ತುಕ್ಕು ಹಿಡಿದದ್ದಕ್ಕೆ?

ಮಲ್ಪೆಯಿಂದ: ಹಿತ್ತಿಲಲ್ಲಿ ಬಿಂಬುಳಿ ಮರ ಇದೆಯಾ? ಹಣ್ಣು ಜಜ್ಜಿ ಉಜ್ಜಿ, ಅದರ ಹುಳಿ ತುಕ್ಕನ್ನು ಕರಗಿಸುತ್ತದೆ. ಜಾಸ್ತಿ ತುಕ್ಕಿದ್ದರೆ ಅಲಗನ್ನು ಮಾತ್ರ ಒಂದು ರಾತ್ರಿ ವಿನೆಗರ್‌ನಲ್ಲಿ ಮುಳುಗಿಸಿಡಿ, ಹಿಡಿ ಹೊರಗಿರಲಿ. ಬೆಳಿಗ್ಗೆ ಉಜ್ಜಿ, ಅಡುಗೆ ಸೋಡಾದ ನೀರಲ್ಲಿ ತೊಳೆದು ಕೂಡಲೇ ಒಣಗಿಸಿ ಎಣ್ಣೆ ಹಚ್ಚಿ. ಚಹಾ ಕುಡಿದು ಬರುತ್ತೇನೆ ಅಂತ ಹೋದರೆ ಮತ್ತೆ ಕೆಂಪಾಗಿರುತ್ತದೆ.