ಜರ್ಮನಿಯಲ್ಲಿ ಪುಟ್ಟ ಮಕ್ಕಳ ಜೊತೆ ಮೊದಲ ಚಳಿಗಾಲ: ನೀವೆಲ್ಲ ಏನು ಮಾಡುತ್ತೀರಿ?

ಪ್ರಶ್ನೆ

ನಾವು ಹಾಸನದವರು. ಮೇ ತಿಂಗಳಲ್ಲಿ ಮ್ಯೂನಿಕ್‌ಗೆ ಬಂದೆವು. ಮಗಳಿಗೆ ನಾಲ್ಕೂವರೆ, ಮಗನಿಗೆ ಎರಡು ತುಂಬಿದೆ. ಬೇಸಿಗೆ ಪಾರ್ಕು, ಕೆರೆ ಅಂತ ಹೇಗೋ ಕಳೆಯಿತು. ಈಗ ಎಲೆ ಉದುರುತ್ತಿದೆ, ಬೇಗ ಕತ್ತಲಾಗುತ್ತಿದೆ. ಆಫೀಸಿನಲ್ಲಿ ಎಲ್ಲರೂ ನವೆಂಬರ್ ಹೆಸರು ಹೇಳಿ ಹೆದರಿಸುತ್ತಾರೆ. ಮಕ್ಕಳನ್ನು ಟಿವಿ ಮುಂದೆ ಕೂರಿಸದೆ ಈ ಕಾಲವನ್ನು ಖುಷಿಯಾಗಿ ಕಳೆಯೋದು ಹೇಗೆ? ಅನುಭವ ಇದ್ದವರು ಹೇಳಿ. ದುಬಾರಿ ಪ್ರವಾಸದ ಐಡಿಯಾ ಬೇಡ.

ಉತ್ತರ: ಮ್ಯೂನಿಕ್‌ನಿಂದಲೇ, ಇಬ್ಬರು ಮಕ್ಕಳ ಇನ್ನೊಬ್ಬ ಅಮ್ಮ

ನಾನು ಹೇಳೋದು ಒಂದೇ ಮಾತು. ಶನಿವಾರಕ್ಕೆ ಕಾಯಬೇಡಿ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ನಾಲ್ಕೂ ಇಪ್ಪತ್ತಕ್ಕೇ ಮುಗಿಯಿತು. ಕಿಟಾದಿಂದ (ಇಲ್ಲಿನ ಶಿಶುವಿಹಾರ) ಕರೆದುಕೊಂಡು ಸೀದಾ ಮನೆಗೆ ಬಂದರೆ ಮಕ್ಕಳಿಗೆ ಬೆಳಕೇ ಸಿಗೋದಿಲ್ಲ. ದಾರಿಯಲ್ಲೇ ಅರ್ಧ ಗಂಟೆ ನಿಲ್ಲಿ. ದಿನಾ. ಮಳೆ ಇದ್ದರೂ.

ಅದಕ್ಕೆ ಮೊದಲು ಬಟ್ಟೆ. ಮಾಚ್‌ಹೋಸೆ ಅಂತ ಸಿಗುತ್ತದೆ. ರಬ್ಬರಿನಂಥ ಪ್ಯಾಂಟು, ಭುಜಕ್ಕೆ ಪಟ್ಟಿ, ಪಾದದ ಕೆಳಗೆ ಬೂಟಿಗೆ ಸಿಕ್ಕಿಸುವ ಇನ್ನೊಂದು ಪಟ್ಟಿ. ಹಾಕಿಬಿಟ್ಟರೆ ಮಗು ಕೆಸರಲ್ಲಿ ಕೂತರೂ ನೀವು ಬೈಯಬೇಕಿಲ್ಲ. ಹೊಸದು ಕೊಳ್ಳಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಿಟಾಗಳಲ್ಲಿ, ಚರ್ಚ್ ಹಾಲ್‌ಗಳಲ್ಲಿ ಅಪ್ಪ ಅಮ್ಮಂದಿರೇ ಸೇರಿ ಮಕ್ಕಳ ಹಳೇ ಬಟ್ಟೆಯ ಬಜಾರ್ ಇಡುತ್ತಾರೆ. ಬೂಟು, ಜಾಕೆಟ್ಟು ಎಲ್ಲಾ ಸಿಗುತ್ತದೆ. ಹೇಗೂ ಮುಂದಿನ ವರ್ಷ ಯಾವುದೂ ಹಿಡಿಸೋದಿಲ್ಲ.

ಆ ಅರ್ಧ ಗಂಟೆಯಲ್ಲಿ ಏನು ಮಾಡೋದು ಅಂದರೆ, ಕಸ್ಟಾನಿಯನ್ ಆರಿಸಿ. ರಸ್ತೆ ಬದಿಯಲ್ಲಿ, ಬಿಯರ್ ಗಾರ್ಡನ್‌ಗಳಲ್ಲಿ ದೊಡ್ಡ ಮರ ಇರುತ್ತದಲ್ಲ, ಅದರ ಕೆಳಗೆ ಕಂದು ಬಣ್ಣದ ಕಾಯಿ ಉದುರಿರುತ್ತದೆ. ಆಗತಾನೇ ಸಿಪ್ಪೆ ಒಡೆದು ಬಿದ್ದದ್ದಕ್ಕೆ ಎಣ್ಣೆ ಹಚ್ಚಿದ ಹೊಳಪು. ನನ್ನ ಮಗ ಒಂದೊಂದನ್ನೂ ಕೆನ್ನೆಗೆ ಉಜ್ಜಿ ನೋಡಿಯೇ ಜೇಬಿಗೆ ಹಾಕುತ್ತಿದ್ದ. ಮನೆಯಲ್ಲಿ ಹಲ್ಲುಕಡ್ಡಿ ಚುಚ್ಚಿ ಆನೆ, ಹಸು, ಮನುಷ್ಯ ಮಾಡುತ್ತಾರೆ. ತೂತು ನೀವೇ ಕೊರೆದು ಕೊಡಿ, ಅದು ಗಟ್ಟಿ. ಎರಡು ದಿನದಲ್ಲಿ ಹೊಳಪು ಹೋಗಿ ಸುಕ್ಕಾಗುತ್ತದೆ. ಮತ್ತೆ ಹೋಗಿ ಆರಿಸಿ.

ಒಂದು ಎಚ್ಚರಿಕೆ. ಈ ಕಾಯಿ ತಿನ್ನುವಂಥದ್ದಲ್ಲ, ವಿಷ. ಅಂಗಡಿ ಮುಂದೆ ಬಿಸಿಬಿಸಿ ಸುಟ್ಟು ಮಾರುವ ಮರೋನಿ ಬೇರೆ. ಅದಕ್ಕೆ ತುದಿಯಲ್ಲಿ ಚೂಪಾದ ಜುಟ್ಟು ಇರುತ್ತದೆ, ಹೊರಸಿಪ್ಪೆಯ ತುಂಬಾ ಸೂಜಿಯಂಥ ಮುಳ್ಳು. ಬೀದಿಯ ಕಾಯಿ ಗುಂಡಗೆ, ಸಿಪ್ಪೆಯಲ್ಲಿ ಅಲ್ಲೊಂದು ಇಲ್ಲೊಂದು ದಪ್ಪ ಮುಳ್ಳು. ನಿಮ್ಮ ಎರಡು ವರ್ಷದವನು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವವನಾದರೆ ಅವನಿಗೆ ಬರೀ ಎಲೆ ಸಾಕು.

ಎಲೆ ರಾಶಿಗೆ ಹಾರೋದು ಹೇಳಿಕೊಡಬೇಕಿಲ್ಲ, ಅವರೇ ಹಾರುತ್ತಾರೆ. ತೋಟದ ಮೂಲೆಯ ಹಳೇ ರಾಶಿಗೆ ಮಾತ್ರ ಬಿಡಬೇಡಿ. ಈಗೆಲ್ ಅನ್ನುವ ಪುಟ್ಟ ಮುಳ್ಳುಪ್ರಾಣಿ ಚಳಿಗಾಲ ಪೂರ್ತಿ ಅದರೊಳಗೆ ಮಲಗುತ್ತದೆ. ಹುಲ್ಲು, ಪೊದೆಯಲ್ಲಿ ಆಡಿ ಬಂದ ದಿನ ಮೊಣಕಾಲ ಹಿಂದೆ, ಕಿವಿ ಹಿಂದೆ ಉಣ್ಣಿ ಕಚ್ಚಿದೆಯಾ ನೋಡಿ. ಬಿಸಿಲಿರುವ ಅಕ್ಟೋಬರ್‌ನಲ್ಲೂ ಅವು ಇರುತ್ತವೆ.

ಸ್ಟುಟ್‌ಗಾರ್ಟ್‌ನಿಂದ, ಒಬ್ಬ ಅಪ್ಪ

ಅಕ್ಕ ಹೇಳಿದ್ದು ಸರಿ, ಆದರೆ ಶನಿವಾರವನ್ನು ಅಷ್ಟು ಕಡೆಗಣಿಸಬೇಡಿ! ನಮ್ಮಲ್ಲಿ ಆಷಾಢದ ಗಾಳಿಗೆ ಗಾಳಿಪಟ ಬಿಡುತ್ತೇವಲ್ಲ, ಇಲ್ಲಿ ಅದರ ಕಾಲ ಅಕ್ಟೋಬರ್. ಕಟಾವಾದ ಹೊಲಗಳಲ್ಲಿ ಮನೆಮಂದಿಯೆಲ್ಲ ನಿಂತಿರುತ್ತಾರೆ. ಬಟ್ಟೆಯ ಗಾಳಿಪಟ ಸಿಗುತ್ತದೆ, ಮಾಂಜಾ ಗೀಂಜಾ ಏನೂ ಇಲ್ಲ. ಯಾರ ದಾರವನ್ನೂ ಕತ್ತರಿಸುವಂತಿಲ್ಲ ಅಂತ ನನಗೆ ಮೊದಲು ಸಪ್ಪೆ ಅನ್ನಿಸಿತ್ತು. ಮಗಳಿಗೆ ಅದು ಗೊತ್ತೇ ಇಲ್ಲ, ಮೇಲೆ ಹೋದರೆ ಸಾಕು ಅವಳಿಗೆ. ದಾರ 100 ಮೀಟರ್ ದಾಟದಂತೆ ನೋಡಿಕೊಳ್ಳಿ, ಅದು ಕಾನೂನು.

ಈ ಕಡೆ ಬಂದರೆ ಲುಡ್ವಿಗ್ಸ್‌ಬುರ್ಗ್ ಅರಮನೆ ತೋಟದ ಕುಂಬಳಕಾಯಿ ಪ್ರದರ್ಶನ ನೋಡಿ. ನವೆಂಬರ್ ಶುರುವಿನವರೆಗೂ ಇರುತ್ತದೆ. ಸಾವಿರಾರು ಕುಂಬಳಕಾಯಿ ಜೋಡಿಸಿ ದೊಡ್ಡ ದೊಡ್ಡ ಬೊಂಬೆ ಮಾಡಿರುತ್ತಾರೆ. ಒಂದು ದಿನ ದೈತ್ಯ ಕುಂಬಳದ ಒಳಗನ್ನು ಕೊರೆದು, ಅದರಲ್ಲೇ ಕೂತು ಕೊಳದಲ್ಲಿ ಹುಟ್ಟು ಹಾಕುವ ಸ್ಪರ್ಧೆ ಕೂಡ ಇದೆ. ನಿಜವಾಗ್ಲೂ. ಬರುವಾಗ ಹೊಕ್ಕೈಡೊ ಕುಂಬಳ ತನ್ನಿ. ಸಿಪ್ಪೆ ತೆಗೆಯಬೇಕಿಲ್ಲ, ಹುಳಿಗೆ ಬಹಳ ಚೆನ್ನಾಗಿರುತ್ತದೆ. ಬೇಗ ಬೇಯುತ್ತದೆ, ಕೊನೆಯಲ್ಲಿ ಹಾಕಿ.

ಕಲೋನ್‌ನಿಂದ

ನವೆಂಬರ್‌ಗೆ ಹೆದರಬೇಡಿ, ಮಕ್ಕಳಿಗೆ ಅದೇ ದೊಡ್ಡ ತಿಂಗಳು. 11ಕ್ಕೆ ಸಾಂಕ್ಟ್ ಮಾರ್ಟಿನ್ ಹಬ್ಬ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನೇ ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸೈನಿಕನ ಕಥೆ. ಕಿಟಾದಲ್ಲಿ ಮಕ್ಕಳೇ ಕಾಗದದ ಲಾಂದ್ರ ಮಾಡುತ್ತಾರೆ. ಕತ್ತಲಾದ ಮೇಲೆ ಹಾಡುತ್ತಾ ಬೀದಿಯಲ್ಲಿ ಮೆರವಣಿಗೆ. ಕೆಲವು ಕಡೆ ಮುಂದೆ ನಿಜವಾದ ಕುದುರೆ. ನಮ್ಮ ಕಡೆ ಕೊನೆಗೆ ವೆಕ್‌ಮನ್ ಅನ್ನುವ, ಮನುಷ್ಯನ ಆಕಾರದ ಸಿಹಿ ಬನ್ ಕೊಡುತ್ತಾರೆ. ಮೊಟ್ಟೆ ತಿನ್ನದವರು ಮೊದಲೇ ಕೇಳಿಕೊಳ್ಳಿ.

ಎಷ್ಟೋ ವರ್ಷ ದೀಪಾವಳಿ ಅಕ್ಕಪಕ್ಕವೇ ಬರುತ್ತದೆ. 2023ರಲ್ಲಂತೂ ಮಾರ್ಟಿನ್ ಮಾರನೇ ದಿನವೇ ನರಕ ಚತುರ್ದಶಿ. ಆ ಲಾಂದ್ರವನ್ನೇ ಬಾಲ್ಕನಿಗೆ ಆಕಾಶಬುಟ್ಟಿ ಮಾಡಿ ನೇತುಹಾಕಿದೆವು. ಮಗಳು ಮಾಡಿದ್ದು ಮುಳ್ಳುಪ್ರಾಣಿ ಲಾಂದ್ರ, ಆದರೂ ನಡೆಯಿತು. ಪಟಾಕಿ ಇಲ್ಲಿ ಡಿಸೆಂಬರ್ 31 ಮತ್ತು ಜನವರಿ 1ಕ್ಕೆ ಮಾತ್ರ. ಸುರುಸುರು ಬತ್ತಿಗೆ ಆ ನಿರ್ಬಂಧ ಇಲ್ಲ. ಅದನ್ನು ಹೊರಗೆ, ದೊಡ್ಡವರೇ ಹಿಡಿದು ಹಚ್ಚಿ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಒಂದು ಸಂಕಟ ಇದೆ. ನವೆಂಬರ್‌ಗೆ ಅತ್ತೆ ಬರುತ್ತಿದ್ದಾರೆ. ಈಗಲೇ ವಿಡಿಯೋ ಕಾಲ್‌ನಲ್ಲಿ, "ಕೂಸನ್ನ ಆ ಥಂಡೀಲಿ ಹೊರಗೆ ಕರ್ಕೊಂಡು ಹೋಗ್ತೀಯಾ?" ಅಂತ ಶುರುವಾಗಿದೆ.

ನ್ಯೂರೆಂಬರ್ಗ್‌ನಿಂದ, ಒಬ್ಬ ಅಜ್ಜಿ

ನಾನು ಮಗನ ಮನೆಗೆ ಚಳಿಗಾಲದಲ್ಲೇ ಬರುವವಳು. ಅದಕ್ಕೇ ನಿನ್ನ ಅತ್ತೆಯ ಪರವಾಗಿ ಎರಡು ಮಾತು. ಅವರಿಗೆ ಚಳಿ ಆಗೋದು ಮಕ್ಕಳಿಗಿಂತ ಜಾಸ್ತಿ ಕಣಮ್ಮ. ಬಂದ ದಿನವೇ ಒಳ್ಳೆ ಬೂಟು, ಟೋಪಿ ಕೊಡಿಸು. ಸೀರೆ ಉಡುವವರಾದರೆ ಒಳಗೆ ಉಣ್ಣೆ ಲೆಗ್ಗಿಂಗ್ಸ್. ಕಾಲು ಬೆಚ್ಚಗಿದ್ದರೆ ಅರ್ಧ ತಕರಾರು ಇರೋದೇ ಇಲ್ಲ. ಆಮೇಲೆ ಒಂದು ಸಲ ಕಿಟಾಗೆ ಜೊತೆಯಲ್ಲಿ ಕರೆದುಕೊಂಡು ಹೋಗು. ಮಳೆಯಲ್ಲಿ ಇಡೀ ಗುಂಪು ಆಡುತ್ತಿರುವುದನ್ನು ಅವರೇ ನೋಡಲಿ, ನೀನು ವಾದ ಮಾಡಬೇಡ.

ಕಾರಿನಲ್ಲಿ ಮಾತ್ರ ದಪ್ಪ ಜಾಕೆಟ್ ಬಿಚ್ಚಿ ಕೂರಿಸಿ. ಜಾಕೆಟ್ ಮೇಲೆ ಹಾಕಿದ ಬೆಲ್ಟ್ ಮೈಗೆ ಬಿಗಿಯಾಗಿ ಕೂರೋದಿಲ್ಲ. ಬೆಲ್ಟ್ ಕಟ್ಟಿದ ಮೇಲೆ ಹೊದಿಕೆ ಹೊದಿಸಿ. ಇದನ್ನು ನನಗೆ ಹೇಳಿಕೊಟ್ಟಿದ್ದು ಸೊಸೆ.

ಡಿಸೆಂಬರ್‌ನಲ್ಲಿ ಅತ್ತೆಗೆ ಅಡುಗೆಮನೆ ಬಿಟ್ಟುಕೊಡು. ಇಲ್ಲಿ ಎಲ್ಲರ ಮನೆಯಲ್ಲೂ ಮಕ್ಕಳು ಬಿಸ್ಕತ್ತು ಮಾಡುತ್ತಾರೆ. ಅದರಲ್ಲಿ ವನಿಲೆ ಕಿಪ್ಫೆರ್ಲ್ ಅಂತ ಒಂದಿದೆ. ಮೈದಾ, ಬೆಣ್ಣೆ, ಸಕ್ಕರೆ, ಬಾದಾಮಿ ಪುಡಿ. ಮೊಟ್ಟೆ ಇಲ್ಲದೆಯೂ ಆಗುತ್ತದೆ. ಕೋಡುಬಳೆ ಹೊಸೆದ ಕೈಗೆ ಇದು ಯಾವ ಲೆಕ್ಕ! ಅದೇ ಥರ ಹೊಸೆದು, ತುದಿ ಕೂಡಿಸದೆ ಅರ್ಧಚಂದ್ರಕ್ಕೆ ನಿಲ್ಲಿಸೋದು. ಬಿಸಿ ಇರುವಾಗಲೇ ವೆನಿಲ್ಲಾ ಸಕ್ಕರೆ ಉದುರಿಸಬೇಕು, ಆದರೆ ಮುಟ್ಟಿದರೆ ಮುರಿಯುತ್ತದೆ. ಮುರಿದದ್ದೆಲ್ಲ ಮೊಮ್ಮಗನ ಪಾಲು. ಅವನು ಬೇಕಂತಲೇ ಮುರಿಯುತ್ತಾನೆ ಅಂತ ನನಗೆ ಗುಮಾನಿ.

ಮ್ಯೂನಿಕ್‌ನಿಂದ, ಮತ್ತೆ

ಅಜ್ಜಿ, ನಿಮ್ಮ ಅಳತೆ ಹೇಳಿಬಿಡಿ, ನಂದು ಯಾವಾಗಲೂ ಹರಡಿಕೊಳ್ಳುತ್ತದೆ!

ಒಂದು ಬಿಟ್ಟುಹೋಯಿತು. ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟು ಒರೆಸಿ ಬಾಗಿಲ ಹೊರಗಿಡುತ್ತಾರೆ. 6ರ ಬೆಳಿಗ್ಗೆ ಹೊತ್ತಿಗೆ ನಿಕೊಲಾಸ್ ಅನ್ನುವ ಸಂತ ಬಂದು ಬೂಟಿಗೆ ಉಡುಗೊರೆ ಹಾಕಿ ಹೋಗಿರುತ್ತಾನೆ, ಅಂದರೆ ಹಾಕೋದು ನಾವೇ. ಆಟಿಕೆ ಬೇಡ, ಕಿತ್ತಳೆ, ಅಕ್ರೋಟು, ಒಂದು ಚಾಕಲೇಟು ಸಾಕು. ಸಸ್ಯಾಹಾರಿಗಳಾದರೆ ಗಮ್ಮಿ ಮಿಠಾಯಿ ಪೊಟ್ಟಣದಲ್ಲಿ ಗೆಲಟಿನ್ ಇದೆಯಾ ನೋಡಿ. ಪಕ್ಕದ ಮನೆಯವರೂ ನಿಮ್ಮ ಬೂಟಿಗೆ ಏನಾದರೂ ಹಾಕಬಹುದು. ಹಾಗಾಗಿ 5ಕ್ಕೆ ಅವರ ಬಾಗಿಲಲ್ಲೂ ಬೂಟು ಇದೆಯಾ ಒಮ್ಮೆ ನೋಡಿಕೊಳ್ಳಿ.